ಮತ್ತೊಂದು ಸುತ್ತು

ವಯನಾಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ. ವಿಮಾನ ಹತ್ತಬೇಕಾದರೆ ಘಟ್ಟವಿಳಿದು ಕರಿಪುರಕ್ಕೋ ಕಣ್ಣೂರಿಗೋ ಹೋಗಬೇಕು. ಇಲ್ಲವೇ ಕಾಡು ದಾಟಿ ಮೈಸೂರಿನ ಮಂಡಕಳ್ಳಿಗೆ. ಹೀಗಿರುವಾಗ ಸುಲ್ತಾನ್ ಬತ್ತೇರಿಯ ಮನೆಯ ಊಟದ ಮೇಜಿನ ಮುಂದೆ ಕುಳಿತು, ಅರವತ್ತು ದಾಟಿದ ನಾವು ದಂಪತಿಗಳು ವಿಮಾನ ಹಾರಿಸಲು ಕಲಿತೆವೆಂದರೆ ಸಂಘದ ಬಂಧುಗಳು ನಗಬಹುದು. ನಗಲಿ, ನಾವೂ ನಕ್ಕಿದ್ದೇವೆ.

2020ರ ಲಾಕ್‌ಡೌನ್ ಕಾಲದಲ್ಲಿ ಬೆಂಗಳೂರಿನಿಂದ ಬಂದು ಮನೆಯಲ್ಲಿಯೇ ಕೆಲಸ ಮಾಡುತ್ತಿದ್ದ ಮಗ, ತನ್ನ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಜೋಡಿಸಿ ನಮ್ಮ ಮುಂದಿಟ್ಟನು. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಮೊದಲು ಹೊರಬಂದದ್ದು 1982ರಲ್ಲಿ. ನಮಗೆ ಅದು ತಲುಪಲು ಮೂವತ್ತೆಂಟು ವರ್ಷ ಬೇಕಾಯಿತು. ನಮ್ಮ ಪಾಲಿಗೆ ಬಂದದ್ದು ಸೆಸ್ನಾ 172 ಎಂಬ ನಾಲ್ಕು ಆಸನಗಳ ಪುಟ್ಟ ವಿಮಾನ. ವೇಗ 55 ನಾಟ್ ಮುಟ್ಟಿದಾಗ ಮೂತಿಯನ್ನು ಮೆಲ್ಲಗೆ ಎತ್ತಿದರೆ ಅದು ತಾನಾಗಿಯೇ ನೆಲ ಬಿಡುತ್ತದೆ. ಹಾರುವುದು ಕಷ್ಟವಲ್ಲವೆಂದು ಮೊದಲ ದಿನವೇ ತಿಳಿಯಿತು. ಕಷ್ಟವಿರುವುದು ಇಳಿಯುವುದರಲ್ಲಿ.

ಮಂಡಕಳ್ಳಿಯಿಂದ ಹೊರಟು, ಮನೆಯ ಮೇಲಿಂದ ಹಾದು, ಕರಿಪುರದಲ್ಲಿ ಇಳಿಯುವುದು ನಮ್ಮ ನಿತ್ಯದ ಅಭ್ಯಾಸವಾಯಿತು. ಚೆಂಬ್ರ ಶಿಖರದ ಎತ್ತರ 2,100 ಮೀಟರ್. ಅದನ್ನು ಬಲಕ್ಕೆ ಬಿಟ್ಟು ದಾಟುವವರೆಗೆ ಎಂಟು ಸಾವಿರ ಅಡಿಯಲ್ಲಿ ಹಾರುತ್ತಿದ್ದೆವು. ದಾಟಿದೊಡನೆ ಘಟ್ಟ ಮುಗಿದು ನೆಲವೇ ಕೆಳಗೆ ಜಾರಿಹೋಗುತ್ತದೆ. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲಿ ಬೇಕೆಂಬ ಲೆಕ್ಕವನ್ನು ಮರೆತು, ಕಾಫಿ ತೋಟಗಳನ್ನು ನೋಡುತ್ತ ಮೈಮರೆತರೆ, ರನ್‌ವೇ ಕಣ್ಣಿಗೆ ಬೀಳುವಾಗ ನಾವು ಬಹಳ ಮೇಲಿರುತ್ತಿದ್ದೆವು. ಆಗ ಮೂತಿಯನ್ನು ತಗ್ಗಿಸಿದರೆ ವೇಗವೇರುತ್ತದೆ. 65 ನಾಟ್ ಇರಬೇಕಾದಲ್ಲಿ ನೂರು. ಹೇಗಾದರೂ ಇಳಿಸೋಣವೆಂದು ಹಟ ಹಿಡಿದು, ರನ್‌ವೇಯ ತುದಿ ದಾಟಿ ಗುಡ್ಡದಿಂದ ಉರುಳಿದ್ದು ಎಷ್ಟು ಸಲವೋ! ಪರದೆಯ ಮೇಲಿನ ಸಾವಿಗೆ ಮಗ ಬೇಸರಿಸುತ್ತಿರಲಿಲ್ಲ. "ಗೋ ಅರೌಂಡ್ ಮಾಡಬೇಕಿತ್ತು," ಎಂದಷ್ಟೇ ಹೇಳುತ್ತಿದ್ದನು. ಥ್ರಾಟಲನ್ನು ಪೂರ್ತಿ ಒತ್ತಿ ಮೇಲೇರಿ, ಮತ್ತೊಂದು ಸುತ್ತು ಬರುವುದಕ್ಕೆ ಆ ಹೆಸರು.

ಆ ವರ್ಷದ ಆಗಸ್ಟ್ 7ರ ಮಳೆಯ ರಾತ್ರಿ, ದುಬೈಯಿಂದ ಬಂದ ವಿಮಾನವೊಂದು ಅದೇ ಕರಿಪುರದ ರನ್‌ವೇಯನ್ನು ದಾಟಿ ಕೆಳಗುರುಳಿತು. 21 ಮಂದಿ ತೀರಿಕೊಂಡರು. ಅನಂತರ ಹಲವು ವಾರ ನಾವು ಜಾಯ್‌ಸ್ಟಿಕ್ ಮುಟ್ಟಲಿಲ್ಲ. ಮರುವರ್ಷ ಬಂದ ತನಿಖಾ ವರದಿಯ ವಿವರವನ್ನು ಓದಿದಾಗ, 2010ರ ಮೇ 22ರಂದು 158 ಜನರನ್ನು ಬಲಿತೆಗೆದುಕೊಂಡ ಮಂಗಳೂರಿನ ದುರಂತವೂ ನೆನಪಾಯಿತು. ಎರಡೂ ಗುಡ್ಡದ ನೆತ್ತಿಯ ರನ್‌ವೇಗಳು. ಎರಡರಲ್ಲಿಯೂ ಪಕ್ಕದ ಆಸನದವರು "ಗೋ ಅರೌಂಡ್" ಎಂದಿದ್ದರು. ಆದರೂ ಇಳಿಯುವಿಕೆ ಮುಂದುವರಿದಿತ್ತು.

ಓದಿ ನಾವಿಬ್ಬರೂ ಸುಮ್ಮನಾದೆವು. ಇಬ್ಬರಿಗೂ ನೆನಪಾದದ್ದು ಒಂದೇ ಸಂಜೆ.

ಬಂಡೀಪುರದ ಕಾಡಿನ ನಮ್ಮ ಹೆದ್ದಾರಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆಂಬುದು ಇಲ್ಲಿಯ ಕನ್ನಡಿಗರಿಗೆಲ್ಲ ಗೊತ್ತು. ಮೈಸೂರಿನಲ್ಲಿ ಮದುವೆಯೂಟ ಮುಗಿಸಿ, ಒಂಬತ್ತರೊಳಗೆ ಮದ್ದೂರು ಗೇಟು ದಾಟಬೇಕೆಂದು ಓಡದವರು ನಮ್ಮಲ್ಲಿ ಯಾರಿದ್ದಾರೆ? ಲಾಕ್‌ಡೌನಿನ ಹಿಂದಿನ ವರ್ಷ ನಾವೂ ಹಾಗೆ ಓಡಿದೆವು. "ಗುಂಡ್ಲುಪೇಟೆಯಲ್ಲಿಯೇ ಉಳಿಯೋಣ," ಎಂದು ನಮ್ಮಿಬ್ಬರಲ್ಲೊಬ್ಬರು ಎರಡು ಸಲ ಹೇಳಿದರು. ಚಕ್ರ ಹಿಡಿದವರು ಕೇಳಿಯೂ ಕೇಳದಂತಿದ್ದರು. ನಾಲ್ಕು ನಿಮಿಷ ಉಳಿದಿರುವಾಗ ಗೇಟು ದಾಟಿತು. ಕಾಡಿನ ತಿರುವಿನಲ್ಲಿ, ದೀಪದ ಬೆಳಕಿಗೆ ಗೋಡೆಯಂತೆ ಕಂಡದ್ದು ಮರಿಯೊಡನಿದ್ದ ಆನೆ. ಕಾರು ಜಾರಿ ನಿಂತಾಗ ನಡುವೆ ಉಳಿದದ್ದು ಹತ್ತು ಮಾರು. ಅದು ಮರಿಯನ್ನು ದಾಟಿಸಿ, ತಾನೂ ದಾಟಿ ಹೋಯಿತು. ಮನೆ ಸೇರಿದ ಮೇಲೆ ನಾವು ಆ ಮಾತನ್ನೇ ಎತ್ತಲಿಲ್ಲ. ತಲುಪಿದೆವಲ್ಲ ಎಂಬ ಸಮಾಧಾನ ಎಲ್ಲವನ್ನೂ ಮುಚ್ಚಿಹಾಕಿತ್ತು.

ವರದಿಯನ್ನು ಓದಿದ ಬಳಿಕ ಮತ್ತೆ ಅಭ್ಯಾಸಕ್ಕೆ ಕುಳಿತೆವು. ಒಬ್ಬರು ಜಾಯ್‌ಸ್ಟಿಕ್ ಹಿಡಿಯುವುದು, ಇನ್ನೊಬ್ಬರು ಎತ್ತರ ಮತ್ತು ವೇಗವನ್ನು ಓದಿ ಹೇಳುವುದು. ಓದುವವರು "ಮೇಲೆ" ಎಂದರೆ ಹಿಡಿದವರು ಏರಲೇಬೇಕು, ಕಾರಣವನ್ನು ಆಮೇಲೆ ಕೇಳಬೇಕು. ನಲವತ್ತು ವರ್ಷದ ದಾಂಪತ್ಯದಲ್ಲಿ ಇಲ್ಲದಿದ್ದ ಈ ಒಪ್ಪಂದ ರೂಢಿಯಾಗಲು ಒಂದು ಮಳೆಗಾಲವೇ ಹಿಡಿಯಿತು.

ಕಳೆದ ವರ್ಷ ಅತ್ತೆಯವರ ಶ್ರಾದ್ಧದ ಹಿಂದಿನ ದಿನ ಮೈಸೂರಿನಿಂದ ಹೊರಡುವುದು ತಡವಾಯಿತು. ಗುಂಡ್ಲುಪೇಟೆಗೆ ಬಂದಾಗ ಗಂಟೆ 8.40, ಜಡಿಮಳೆ. ಓಡಿಸಿದ್ದರೆ ಗೇಟು ಸಿಗುತ್ತಿತ್ತೇನೋ. ಪಕ್ಕದ ಆಸನದಿಂದ ಒಂದೇ ಮಾತು ಬಂತು: "ಮೇಲೆ." ಕಾರು ಬಸ್ ನಿಲ್ದಾಣದ ಕಡೆ ತಿರುಗಿತು. ವಸತಿಗೃಹದ ಹಾಸಿಗೆ ತೇವವಾಗಿತ್ತು; ಪುರೋಹಿತರಿಗೆ ಫೋನು ಮಾಡಿ ಕ್ಷಮೆ ಬೇಡುವಾಗ ನಾಚಿಕೆಯಾಯಿತು. ಬೆಳಿಗ್ಗೆ ಆರಕ್ಕೆ ಗೇಟು ತೆರೆದಾಗ ಸಾಲಿನಲ್ಲಿ ನಮ್ಮದು ಮೂರನೆಯ ಕಾರು. ಮುತ್ತಂಗದವರೆಗೆ ಮಂಜು. ಕಾಡಿನ ಆ ತಿರುವಿನಲ್ಲಿ ವೇಗ ತಗ್ಗಿಸಿದೆವು, ರಸ್ತೆ ಖಾಲಿಯಾಗಿತ್ತು. ಮನೆಯಲ್ಲಿ ಎಲೆ ಹಾಕುವುದು ಎರಡು ಗಂಟೆ ತಡವಾಯಿತು. ಹಸಿದು ಕಾಯುತ್ತಿದ್ದವರು ಯಾರೂ ನಮ್ಮನ್ನು ಬಯ್ಯಲಿಲ್ಲ.