ಅಣ್ಣನ ಬ್ರೇಕು ಮತ್ತು ಹತ್ತು ಮಿಲಿಮೀಟರು

ಬ್ಲಾಗಿನ ಕಡೆ ತಲೆ ಹಾಕಿ ಐದು ತಿಂಗಳಾಯ್ತು. ಆಫೀಸಲ್ಲಿ ಕೆಲಸ ಜಾಸ್ತಿ ಅಂತ ಹೇಳಿ ತಪ್ಪಿಸ್ಕೋಬಹುದಿತ್ತು, ಆದ್ರೆ ನಿಜ ಹೇಳಿಬಿಡ್ತೀನಿ. ಈ ಐದು ತಿಂಗಳ ಶನಿವಾರ ಭಾನುವಾರಗಳೆಲ್ಲ ಒಂದು ಹಳೇ ಕಾರಿನ ಅಡಿಯಲ್ಲಿ ಮಲಗಿ ಕಳೆದುಹೋದವು.

ಕಾರು 1992ರ ಮಾಜ್ದಾ ಮಿಯಾಟಾ. ಎರಡೇ ಸೀಟು, ಮಡಚಿ ಹಿಂದಕ್ಕೆ ಹಾಕುವ ಟಾಪು, 1.6 ಲೀಟರ್ ಎಂಜಿನ್, ಸ್ವಿಚ್ ಒತ್ತಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಮೇಲೇಳುವ ಹೆಡ್‌ಲೈಟು. ನಾನು ಹುಟ್ಟಿದ್ದು 1997ರಲ್ಲಿ. ಅಂದರೆ ಕಾರು ನನಗಿಂತ ಐದು ವರ್ಷ ದೊಡ್ಡದು. ಅದಕ್ಕೇ ನನ್ನ ಹೆಂಡತಿ ಅದನ್ನ "ನಿಮ್ಮಣ್ಣ" ಅಂತಾಳೆ. "ಈ ವಾರ ನಿಮ್ಮಣ್ಣಂಗೆ ಎಷ್ಟು ದುಡ್ಡು ಕಳಿಸ್ದೆ?" ಅಂತ ಕೇಳೋದು ನಮ್ಮನೆಯ ಶುಕ್ರವಾರದ ವಾಡಿಕೆ :-)

ನಾನು ಓದಿದ್ದು ಮೆಕ್ಯಾನಿಕಲ್, ತಿನ್ನೋದು ಸಾಫ್ಟ್‌ವೇರಿನ ಅನ್ನ. ಮೈಸೂರಲ್ಲಿ ಓದುವಾಗ 'ಲಿಮಿಟ್ಸ್, ಫಿಟ್ಸ್ ಅಂಡ್ ಟಾಲರೆನ್ಸಸ್' ಅಂತ ಒಂದು ಪಾಠ ಇತ್ತು. ಹೆಚ್7, ಜಿ6 ಅಂತೆಲ್ಲ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಕಕ್ಕಿ, ಮಾರನೇ ದಿನ ಮರೆತಿದ್ದೆ. ತೂತಿಗೂ ಅದರೊಳಗೆ ಕೂರುವ ವಸ್ತುವಿಗೂ ನಡುವೆ ಎಷ್ಟು ಜಾಗ ಇರಬೇಕು ಅನ್ನೋದೇ ಆ ಪಾಠದ ಸಾರ. ಹತ್ತು ವರ್ಷ ಆದ್ಮೇಲೆ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ಆ ಪಾಠ ನನ್ನನ್ನ ಹುಡುಕ್ಕೊಂಡು ಬರುತ್ತೆ ಅಂತ ಯಾರಿಗೆ ಗೊತ್ತಿತ್ತು!

ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಲ್ಲಿ ಗಾಡಿ ರಿಪೇರಿ ಮಾಡೋ ಹಾಗಿಲ್ಲ. ಹಾಗಾಗಿ ರೌಂಡ್ ರಾಕ್‌ನಲ್ಲಿ ಮನೆ ಮಾಡಿರುವ ಹುಬ್ಬಳ್ಳಿಯ ಗೆಳೆಯನ ಗ್ಯಾರೇಜೇ ಗತಿ. ಅವನ ಹೆಂಡತಿ ಮಾಡುವ ಜೋಳದ ರೊಟ್ಟಿ ಎಣಗಾಯಿಗೋಸ್ಕರವೇ ನಾನು ಕಾರು ಕೆಡಿಸ್ಕೊಂಡು ಬರ್ತೀನಿ ಅಂತ ಅವನಿಗೆ ಅನುಮಾನ. ಪೂರ್ತಿ ಸುಳ್ಳಲ್ಲ.

ಮೊದಲು ಕೈಕೊಟ್ಟಿದ್ದು ರೇಡಿಯೇಟರ್. ಈ ಕಾರಿನ ರೇಡಿಯೇಟರಿಗೆ ಮೇಲ್ಗಡೆ ಕಪ್ಪು ಪ್ಲಾಸ್ಟಿಕ್ಕಿನ ಟ್ಯಾಂಕ್ ಇರುತ್ತೆ. ವಯಸ್ಸಾದ ಹಾಗೆ ಅದು ಕಂದು ಬಣ್ಣಕ್ಕೆ ತಿರುಗಿ, ಬಿರುಸಾಗಿ, ಒಂದಿನ ಸೀಳು ಬಿಡುತ್ತೆ. ನನ್ನದು ಒಳ್ಳೇ ಹಣ್ಣು ಸಪೋಟದ ಬಣ್ಣಕ್ಕೆ ಬಂದಿತ್ತು. ಆಸ್ಟಿನ್ನಿನ ಆಗಸ್ಟ್ ಬಿಸಿಲಲ್ಲಿ ರಿಸ್ಕ್ ಬೇಡ ಅಂತ ಅಲ್ಯೂಮಿನಿಯಂದು ತರಿಸಿದೆ. ಬಾಕ್ಸಿನ ಮೇಲೆ 'ನೇರವಾಗಿ ಕೂರುತ್ತದೆ' ಅನ್ನೋ ಅರ್ಥದ ಮಾತು ದಪ್ಪಕ್ಷರದಲ್ಲಿತ್ತು. ಕೆಳಗಿನ ಎರಡು ಗೂಟ ಕೂತವು, ಹೋಸ್ ಕೂತವು. ಫ್ಯಾನ್ ಬೋಲ್ಟ್ ಹಾಕಕ್ಕೆ ಹೋದರೆ ನಾಲ್ಕು ತೂತಲ್ಲಿ ಮೂರಕ್ಕೆ ಬೋಲ್ಟು ಹೋಗುತ್ತೆ, ನಾಲ್ಕನೇದು ಅರ್ಧ ಕಣ್ಣು ಮುಚ್ಚಿದ ಹಾಗೆ ಪಕ್ಕಕ್ಕೆ ಸರ್ಕೊಂಡಿದೆ. ನಾಲ್ಕನೇದಕ್ಕೆ ಹಾಕಿದರೆ ಎರಡನೇದು ಸರಿಯುತ್ತೆ. ಮದುವೆ ಮನೆಯ ಚಾಪೆ ಥರ, ಒಂದು ಮೂಲೆ ಎಳೆದರೆ ಇನ್ನೊಂದು ಏಳುತ್ತೆ.

ಮೈಸೂರಿಗೆ ವಿಡಿಯೋ ಕಾಲ್ ಮಾಡಿದೆ. ಅಪ್ಪ ಮೂವತ್ತು ವರ್ಷ ಲೇತ್ ಮುಂದೆ ನಿಂತು ರಿಟೈರ್ ಆದವರು. ಕನ್ನಡಕ ಏರಿಸಿ ನೋಡಿ, "ಆ ತೂತು ಬರೀ ಫ್ಯಾನ್ ಹಿಡ್ಕೊಳ್ಳೋಕೆ ತಾನೆ? ಫ್ಯಾನಿನ ಬ್ರಾಕೆಟ್ಟಿಗೆ ದುಂಡು ಅರ ಹಾಕಿ ಉದ್ದ ಮಾಡು. ದೊಡ್ಡ ವಾಷರ್ ಹಾಕು. ರೇಡಿಯೇಟರನ್ನ ಮುಟ್ಬೇಡ" ಅಂದರು. ಹತ್ತು ನಿಮಿಷದ ಕೆಲಸ. ಅಲ್ಲೇ ಆಗಿದ್ದು ತಪ್ಪು ನೋಡಿ. ಅರ ಹಾಕಿದರೆ ಎಲ್ಲ ಕೂರುತ್ತೆ ಅನ್ನೋ ಧೈರ್ಯ ನನಗೆ ಬಂದುಬಿಡ್ತು.

ಆಮೇಲೆ ಟಾಪು. ಹಳೇದು ಹರಿದು, ಮಳೆ ಬಂದರೆ ತೊಡೆ ಮೇಲೇ ಬೀಳ್ತಿತ್ತು. ಹೊಸ ವಿನೈಲ್ ಟಾಪನ್ನ ಎರಡು ಭಾನುವಾರ ಒದ್ದಾಡಿ ರಿವೆಟ್ ಹೊಡೆದು ಕೂರಿಸಿದರೆ ಮುಂದಿನ ಕೊಂಡಿ ಹಾಕಕ್ಕೆ ಬರಲ್ಲ, ಎರಡು ಬೆರಳಿನಷ್ಟು ಕಮ್ಮಿ. ಬಿಸಿಲಲ್ಲಿ ನಿಲ್ಲಿಸಿ ಅಂತ ಬಲ್ಲವರು ಹೇಳಿದರು. ನಿಲ್ಲಿಸಿದ್ವಿ. ಮಧ್ಯಾಹ್ನ ಮೂರಕ್ಕೆ ನಾನೂ ಗೆಳೆಯನೂ ಒಳಗೆ ಕೂತು, ಬೆವರಿಳಿಸ್ಕೊಂಡು, ಬಾವಿ ಹಗ್ಗ ಎಳೆಯೋ ಥರ ಜಗ್ಗಿದಾಗ ಟಪ್ ಅಂತ ಬಿತ್ತು ಕೊಂಡಿ. ಅದೂ ಗೆದ್ದ ಹಾಗಾಯ್ತು.

ಇಲ್ಲಿ ಒಂದು ಮಾತು. ಬದಲಿ ಬಿಡಿಭಾಗ ಮಾಡೋರನ್ನೆಲ್ಲ ಬಯ್ಯೋದು ಸುಲಭ, ಆದ್ರೆ ಅವರಿಗೆ ಮೂಲ ಡ್ರಾಯಿಂಗ್ ಸಿಕ್ಕಿರಲ್ಲ. ಎಲ್ಲಿಂದಲೋ ಒಂದು ಸ್ಯಾಂಪಲ್ ತಂದು, ಅಳೆದು, ಅದರಂತೆ ಮಾಡ್ತಾರೆ. ಆ ಸ್ಯಾಂಪಲ್ಲೇ ಸವೆದಿದ್ದರೆ, ಸೊಟ್ಟಗಾಗಿದ್ದರೆ ಆ ಸೊಟ್ಟವೂ ಸಾವಿರ ಕಾಪಿ ಆಗುತ್ತೆ. ಅಳತೆ ತೆಗೆದ ಮಾತ್ರಕ್ಕೆ ಎಲ್ಲಿ ಎಷ್ಟು ಹೆಚ್ಚುಕಮ್ಮಿ ನಡೆಯುತ್ತೆ, ಎಲ್ಲಿ ನಡೆಯಲ್ಲ ಅನ್ನೋದು ಗೊತ್ತಾಗಲ್ಲ. ಅದು ಡ್ರಾಯಿಂಗಲ್ಲಿ ಮಾತ್ರ ಇರುತ್ತೆ. ಮಾಜ್ದಾದವರೇ 2017ರಲ್ಲಿ ಜಪಾನಿನಲ್ಲಿ ಈ ಮೊದಲ ತಲೆಮಾರಿನ ಕಾರುಗಳನ್ನ ಮತ್ತೆ ಹೊಸದರಂತೆ ಮಾಡಿಕೊಡುವ ಯೋಜನೆ ಘೋಷಿಸಿ, ನಿಂತುಹೋಗಿದ್ದ ಟಾಪು, ಮರದ ಸ್ಟೇರಿಂಗು, 14 ಇಂಚಿನ ಟೈರು ಇಂಥವನ್ನ ಮತ್ತೆ ಮಾಡಿಸಿದರು. ಆ ಭಾಗ್ಯ ಎಲ್ಲ ಹಳೇ ಗಾಡಿಗಳಿಗೂ ಸಿಗಲ್ಲ. ನಮ್ಮ ಅಪ್ಪನ ಯೆಜ್ಡಿಗಂತೂ ಸಿಗಲಿಲ್ಲ.

ಮೈಸೂರಿನವರಿಗೆ ಯೆಜ್ಡಿ ಬಗ್ಗೆ ಹೇಳಬೇಕಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಆಮೇಲೆ 'ಕಂಪನಿ ಮಾಲು' ಅನ್ನೋದು ಅಂಗಡಿಯವರ ಬಾಯಲ್ಲಿ ಮಾತ್ರ ಉಳೀತು. ಯೆಜ್ಡಿಯಲ್ಲಿ ಕಿಕ್ ಹೊಡೆಯೋದೂ ಗೇರ್ ಹಾಕೋದೂ ಒಂದೇ ಲಿವರಿನಲ್ಲಿ. ಅಪ್ಪನ ಗಾಡಿಯ ಆ ಲಿವರಿನ ಹಲ್ಲು ಸವೆದಿತ್ತು. ಬೆಂಗಳೂರಿನ ಜೆ.ಸಿ. ರೋಡಿಂದ ಒಂದಾದ ಮೇಲೊಂದು ಮೂರು ಡೂಪ್ಲಿಕೇಟ್ ತಂದರು. ಮೂರನ್ನೂ ಶಾಫ್ಟಿಗೆ ಹಾಕಿ, ಕೈಯಲ್ಲಿ ಅಲ್ಲಾಡಿಸಿ, "ಆಡ್ತದೆ" ಅಂತ ಒಂದೇ ಮಾತು ಹೇಳಿ ಬಿಚ್ಚಿಟ್ಟರು. ಗಾಡಿ ವರ್ಷಗಟ್ಟಲೆ ಸೀಮೆಂಟ್ ಚೀಲ ಹೊದ್ದು ನಿಂತಿತು. "ಅದೇನು ವಿಮಾನಾನಾ? ಯಾವುದೋ ಒಂದು ಹಾಕಿ ಓಡಿಸಬಾರ್ದಾ" ಅಂತ ಅಮ್ಮ ಗೊಣಗೋಳು. ನಾನೂ ಅಮ್ಮನ ಪಾರ್ಟಿ.

ಈಗ ಬ್ರೇಕಿನ ವಿಷಯ.

ಮುಂದಿನ ಚಕ್ರದ ಡಿಸ್ಕುಗಳು ಸವೆದು ಗೆರೆ ಬಿದ್ದಿದ್ದವು. ಪ್ಯಾಡ್ ಇನ್ನೂ ದಪ್ಪ ಇತ್ತು. ಡಿಸ್ಕ್ ಮಾತ್ರ ತರಿಸೋಣ ಅಂತ ಆನ್‌ಲೈನ್ ಅಂಗಡಿಯಲ್ಲಿ 1992, 1.6 ಅಂತ ಆರಿಸಿ ಆರ್ಡರ್ ಮಾಡಿದೆ. ಶನಿವಾರ ಸಂಜೆ ಕೂತ್ವಿ. ಹೊಸ ಡಿಸ್ಕ್ ಹಬ್ ಮೇಲೆ ಎಷ್ಟು ನಯವಾಗಿ ಜಾರಿ ಕೂತಿತು ಅಂದರೆ ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಅರ ಬೇಡ, ವಾಷರ್ ಬೇಡ, ಜಗ್ಗಾಟ ಬೇಡ! ಕ್ಯಾಲಿಪರ್ ಹಾಕುವಾಗ ಮಾತ್ರ ಪ್ಯಾಡು ಡಿಸ್ಕಿನ ಅಂಚಿಗಿಂತ ಸ್ವಲ್ಪ ಆಚೆ ಬಂದ ಹಾಗೆ ಕಾಣಿಸ್ತು. ಗೆಳೆಯನಿಗೆ ತೋರಿಸಿದೆ. "ಲೇ, ಬೋಲ್ಟ್ ಕುಂತಾವು, ಗಾಲಿ ತಿರಗಾಕತ್ತೈತಿ, ಮತ್ತೇನ್ ಬೇಕಲೇ ನಿನಗ? ರೊಟ್ಟಿ ಆರಾಕತ್ತಾವು, ಏಳು" ಅಂದ. ಎದ್ದೆ. ಹಳೇ ಡಿಸ್ಕುಗಳನ್ನ ಹೊಸದರ ಬಾಕ್ಸಿಗೆ ಹಾಕಿ ಗೋಡೆ ಪಕ್ಕ ಇಟ್ಟೆ. ತಪ್ಪು ಅವನದಲ್ಲ, ಕಾರು ನನ್ನದು.

ಮಾರನೇ ದಿನ ಹೆಂಡತಿ ಜೊತೆ ಊರಿನ ಪಶ್ಚಿಮಕ್ಕಿರೋ ಗುಡ್ಡಗಳ ಕಡೆ ಹೊರಟೆ. ಬ್ರೇಕು ಸ್ವಲ್ಪ ಮೆತ್ತಗಿತ್ತು. ಹೊಸ ಡಿಸ್ಕು, ಪ್ಯಾಡಿಗೆ ಹೊಂದ್ಕೊಳ್ಳೋ ತನಕ ಹಾಗೇ ಅಂದ್ಕೊಂಡೆ. ಉದ್ದದ ಇಳಿಜಾರು, ತಿರುವಿನ ಮೇಲೆ ತಿರುವು, ಪ್ರತಿ ತಿರುವಿಗೂ ಬ್ರೇಕ್. ಕೆಳಗೆ ಸಿಗ್ನಲ್ ಕೆಂಪಾಗಿ ಒಂದು ಪಿಕಪ್ ನಿಂತಿತ್ತು. ಪೆಡಲ್ ಒತ್ತಿದೆ, ಒತ್ತಿದಷ್ಟೂ ಒಳಗೆ ಹೋಯ್ತು. ಸುಟ್ಟ ವಾಸನೆ. ಕಾರು ನಿಧಾನ ಆಗ್ತಿದೆ, ಆದರೆ ಸಾಲದು. ಕೊನೇ ಗಳಿಗೆಯಲ್ಲಿ ಬಲಕ್ಕೆ ರಸ್ತೆ ಬದಿಗೆ ಎಳೆದೆ. ನಿಂತಾಗ ಪಿಕಪ್ಪಿನ ಹಿಂದಿನ ಚಕ್ರ ನನ್ನ ಪಕ್ಕದಲ್ಲಿತ್ತು, ಕೈ ಚಾಚಿದರೆ ಮುಟ್ಟೋ ಅಷ್ಟು ಹತ್ತಿರ.

ಇಬ್ಬರೂ ಎಷ್ಟೋ ಹೊತ್ತು ಮಾತಾಡಲಿಲ್ಲ. ಆಮೇಲೆ ಅವಳು ಮುಂದಿನ ಡ್ಯಾಶ್‌ಬೋರ್ಡ್ ಮೇಲೆ ಕೈಯಿಟ್ಟು ಕೇಳಿದಳು, "ಇಲ್ಲಿ ಏರ್‌ಬ್ಯಾಗ್ ಇದೆ ತಾನೆ?"

ಇಲ್ಲ. 1992ರ ಕಾರಲ್ಲಿ ಓಡಿಸೋನಿಗೆ ಮಾತ್ರ ಏರ್‌ಬ್ಯಾಗು. ಪಕ್ಕದಲ್ಲಿ ಕೂತವರಿಗೂ ಕೊಟ್ಟಿದ್ದು 1994ರಿಂದ. ಇದು ನನಗೆ ಕಾರು ಕೊಳ್ಳುವಾಗಲೇ ಗೊತ್ತಿತ್ತು. ಅವಳಿಗೆ ಹೇಳಿರಲಿಲ್ಲ. ಮುಚ್ಚಿಟ್ಟೆ ಅಂತಲ್ಲ, ಹೇಳಬೇಕು ಅಂತಲೇ ಹೊಳೆದಿರಲಿಲ್ಲ. ಎರಡರಲ್ಲಿ ಯಾವುದು ಕೆಟ್ಟದ್ದು ಅಂತ ಈಗಲೂ ಗೊತ್ತಿಲ್ಲ.

ಕಾರನ್ನ ಟೋ ಮಾಡಿಸಿ ಗ್ಯಾರೇಜಿಗೆ ತಂದು ಚಕ್ರ ಬಿಚ್ಚಿದೆ. ಪ್ಯಾಡು ತೆಗೆದು ನೋಡಿದರೆ ಒಳಗಿನ ಭಾಗ ಹೊಳೀತಿದೆ, ಹೊರಗಿನ ಅಂಚಲ್ಲಿ ಒಂದು ಪಟ್ಟಿ ಮಾತ್ರ ಏನೂ ತಾಗದೆ ಹಾಗೇ ಉಳಿದಿದೆ. ಅಪ್ಪನಿಗೆ ಫೋನು. ಮೈಸೂರಲ್ಲಿ ಬೆಳಗ್ಗೆ ಆರೂವರೆ. ಪ್ಯಾಡನ್ನ ತಿರುಗಿಸಿ ತಿರುಗಿಸಿ ತೋರಿಸಿದೆ. ಅವರು ಕೇಳಿದ್ದು ಒಂದೇ: "ಹಳೇ ಡಿಸ್ಕ್ ಎಲ್ಲಿದೆ? ಹೊಸದರ ಮೇಲೆ ಇಡು."

ಇಟ್ಟೆ. ಸುತ್ತ ಒಂದು ಬೆರಳು ಅಗಲದ ಅಂಚು ಕಾಣಿಸ್ತು, ಇಡ್ಲಿ ತಟ್ಟೆ ಮೇಲೆ ಚಿಕ್ಕ ಪ್ಲೇಟ್ ಇಟ್ಟ ಹಾಗೆ. ಅಳೆದೆ. ಹೊಸದು 235 ಮಿ.ಮೀ., ಹಳೇದು 255. ವ್ಯಾಸದಲ್ಲಿ 20, ಅಂದರೆ ಒಂದು ಕಡೆಗೆ 10 ಮಿ.ಮೀ.

ಕತೆ ಇಷ್ಟೇ. ಈ ಕಾರಿಗೆ 1993ರ ತನಕ ಮುಂದಿನ ಡಿಸ್ಕ್ 235, 1994ರಲ್ಲಿ 1.8 ಎಂಜಿನ್ ಬಂದಾಗ 255 ಮಾಡಿದರು. ಕ್ಯಾಲಿಪರನ್ನ ಹಿಡಿಯುವ ಬ್ರಾಕೆಟ್ ಬದಲಾಯಿಸಿದರೆ ದೊಡ್ಡ ಡಿಸ್ಕು ಹಳೇ ಕಾರಿಗೂ ಕೂರುತ್ತೆ. ನನಗಿಂತ ಹಿಂದೆ ಈ ಕಾರು ಇಟ್ಕೊಂಡಿದ್ದ ಯಾರೋ ಪುಣ್ಯಾತ್ಮ ಅದನ್ನ ಮಾಡಿದ್ದ. ಒಳಗಿನ ಧೂಳುತಟ್ಟೆಯ ಅಂಚನ್ನ ಕತ್ತರಿಸಿದ ಗುರುತೂ ಇತ್ತು, ನಾನು ಅದನ್ನ ನೋಡಿ ತುಕ್ಕು ಅಂದ್ಕೊಂಡಿದ್ದೆ. ಅಂಗಡಿಯವನು ಕಳಿಸಿದ್ದು ಸರಿಯಾದ ಭಾಗವೇ. ಅಳತೆಯಲ್ಲಿ ಒಂದು ಕೂದಲೂ ತಪ್ಪಿಲ್ಲ. ಅದು ನನ್ನ ಕಾರಿನದಲ್ಲ, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಹಿಂದಿನ ಪ್ರೋಗ್ರಾಮರ್ ಕೋಡ್ ಬದಲಾಯಿಸಿ ಕಮೆಂಟ್ ಬರೆಯದೇ ಕೆಲಸ ಬಿಟ್ಟು ಹೋಗಿದ್ದ. ನಾನು ಟೆಸ್ಟ್ ಮಾಡದೇ ರಿಲೀಸ್ ಮಾಡಿದೆ, ಅದೂ ಹೆಂಡತಿಯನ್ನ ಕೂರಿಸ್ಕೊಂಡು.

ಘರ್ಷಣೆಯ ಸೂತ್ರದಲ್ಲಿ ತಾಗುವ ಜಾಗದ ವಿಸ್ತೀರ್ಣ ಬರೋದೇ ಇಲ್ವಲ್ಲ, ಪ್ಯಾಡು ಸ್ವಲ್ಪ ಆಚೆ ಇದ್ದರೇನು ಅಂತ ಪರೀಕ್ಷೆ ಪಾಸಾದವರು ಕೇಳಬಹುದು. ನಾನೂ ಅಪ್ಪನ್ನ ಕೇಳಿದೆ (ಮೂರ್ಖತನಕ್ಕೂ ಡಿಗ್ರಿ ಬೇಕು). ಅವರು ಸೂತ್ರ ಗೀತ್ರ ಹೇಳಲಿಲ್ಲ. ಒಂದು ಪುಸ್ತಕವನ್ನ ಮೇಜಿನ ಅಂಚಿನಿಂದ ಅರ್ಧ ಹೊರಗಿಟ್ಟು, ಮೇಲೆ ಬೆರಳಲ್ಲಿ ಒತ್ತಿ ತೋರಿಸಿದರು. ಪುಸ್ತಕ ಓರೆಯಾಯ್ತು. ಪಿಸ್ಟನ್ನು ಪ್ಯಾಡಿನ ನಡುವೆ ಒತ್ತುತ್ತೆ, ಆದರೆ ಡಿಸ್ಕು ಅಡಿಯಲ್ಲಿ ಒಂದೇ ಕಡೆ ಇದೆ. ಪ್ಯಾಡು ಓರೆಯಾಗುತ್ತೆ, ಅದಕ್ಕೇ ಪೆಡಲು ಮೆತ್ತಗೆ. ಬಿಸಿಯೆಲ್ಲ ಕಮ್ಮಿ ಜಾಗದಲ್ಲಿ ಸೇರುತ್ತೆ, ಅದಕ್ಕೇ ಇಳಿಜಾರಿನ ಕೊನೆಯಲ್ಲಿ ಬ್ರೇಕು ಸೋತಿದ್ದು.

ನಾನು ಬೈಗುಳಕ್ಕೆ ಕಾಯ್ತಿದ್ದೆ. "ಕೂರದೇ ಇದ್ದಿದ್ರೆ ನೀನು ನನ್ನ ಕೇಳ್ತಿದ್ದೆ ಕಣೋ" ಅಂದರು ಅಪ್ಪ. "ಕೂತುಬಿಡ್ತಲ್ಲ, ಅದಕ್ಕೇ ಕೇಳ್ಲಿಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಅವಳು ಹೇಗಿದಾಳೆ? ಫೋನ್ ಕೊಡು" ಅಂದರು. ಕೊಟ್ಟೆ. ಅವರಿಬ್ಬರೂ ಏನು ಮಾತಾಡಿದರು ಅಂತ ನನಗೆ ಹೇಳಿಲ್ಲ.

ಸರಿಯಾದ 255ರ ಡಿಸ್ಕು, ಜೊತೆಗೆ ಹೊಸ ಪ್ಯಾಡು ಬಂದ ದಿನ ಬಾಕ್ಸ್ ಒಡೆದ ತಕ್ಷಣ ಮಾಡಿದ ಮೊದಲ ಕೆಲಸ ಹಳೇದರ ಪಕ್ಕ ಇಟ್ಟಿದ್ದು. ಅಂಚಿಗೆ ಅಂಚು. ಆಮೇಲೆ ಬಾನೆಟ್ಟಿನ ಒಳಗೆ ಒಂದು ಚೀಟಿ ಅಂಟಿಸಿದೆ: 'ಮುಂದಿನ ಬ್ರೇಕು 1994ರದ್ದು, ಫ್ಯಾನಿನ ಒಂದು ತೂತು ಅರ ಹಾಕಿದ್ದು'. ಮುಂದೆ ಯಾರು ಕೊಳ್ತಾರೋ ಅವರಿಗೆ ಅರ್ಥವಾಗಲಿ ಅಂತ ಇಂಗ್ಲಿಷಲ್ಲೇ ಬರೆದಿದ್ದೀನಿ, ಕನ್ನಡಾಭಿಮಾನಿಗಳು ಕ್ಷಮಿಸಬೇಕು.

ಒಂದು ವರ್ನಿಯರ್ ಕೂಡ ಕೊಂಡೆ. ಅದು ಅಡುಗೆಮನೆ ಡ್ರಾಯರಲ್ಲಿ ಸೌಟುಗಳ ಜೊತೆ ಇರುತ್ತೆ. ಮೊನ್ನೆ ನಾನು ಲಟ್ಟಿಸಿದ ಚಪಾತಿಯ ದಪ್ಪವನ್ನ ಅದರಲ್ಲಿ ನಾಲ್ಕು ಕಡೆ ಅಳೆದು, "ಒಂದೊಂದು ಕಡೆ ಒಂದೊಂದು, ಇದು ಲೋಕಲ್ ಮಾಲು" ಅಂತ ನನ್ನ ಹೆಂಡತಿ ತೀರ್ಪು ಕೊಟ್ಟಳು. ಎರಡು ತಿಂಗಳಿಂದ ಅವಳು ಆ ಕಾರಲ್ಲಿ ಕೂತಿಲ್ಲ. ನಾನೂ ಕರೆದಿಲ್ಲ. ದಿನಾ ಆಫೀಸಿಗೆ ಒಬ್ಬನೇ ಓಡಿಸ್ತೀನಿ, ವಾರಕ್ಕೊಮ್ಮೆ ಚಕ್ರ ಬಿಚ್ಚಿ ಪ್ಯಾಡು ನೋಡ್ತೀನಿ. ಹೋದ ಭಾನುವಾರ ನಾನು ಹಾಗೆ ಚಕ್ರ ಬಿಚ್ಚಿ ಕೂತಿದ್ದಾಗ ಅವಳು ರೊಟ್ಟಿ ತಿಂದು ಗ್ಯಾರೇಜಿಗೆ ಬಂದಳು. ಬಗ್ಗಿ, ಡಿಸ್ಕಿನ ಅಂಚಿನ ಮೇಲೆ, ಪ್ಯಾಡು ಎಲ್ಲಿ ಮುಗಿಯುತ್ತೋ ಅಲ್ಲಿ, ಉಗುರಿಟ್ಟು ನೋಡಿದಳು. ಏನೂ ಹೇಳದೆ ಒಳಗೆ ಹೋದಳು.