ರಂಗನತಿಟ್ಟಿನಲ್ಲಿ ಒಂದು ಅಗ್ಗದ ಮಸೂರ

ರಂಗನತಿಟ್ಟನ್ನು ನೋಡಿ ಬಂದವರ ಮನೆಯ ಚಿತ್ರಗಳಲ್ಲಿ ದೋಣಿಯಿರುತ್ತದೆ, ನೆಂಟರಿರುತ್ತಾರೆ, ನೀರಿರುತ್ತದೆ; ಹಕ್ಕಿಗಳು ಮಾತ್ರ ಹಸುರಿನ ಮೇಲೆ ಸಿಡಿದ ಸುಣ್ಣದ ಚುಕ್ಕೆಗಳಂತೆ ಕಾಣುತ್ತವೆ. ನಮ್ಮ ಆಲ್ಬಮ್ಮಿನಲ್ಲಿಯೂ ಅಂತಹ ಚುಕ್ಕೆಗಳು ಬೇಕಾದಷ್ಟಿದ್ದುವು. ಅದರಿಂದ ಬೇಸತ್ತು ದೂರದ ವಸ್ತುವನ್ನು ಹತ್ತಿರಕ್ಕೆ ತರುವ ಮಸೂರವೊಂದನ್ನು ವಿಚಾರಿಸಲು ಹೋದಾಗ, ದೊಡ್ಡ ಮಸೂರದ ಬೆಲೆ ಕೇಳಿ ನನ್ನಾಕೆ, "ಅಷ್ಟು ಹಣ ಕೊಟ್ಟರೆ ಹಕ್ಕಿಗಳೇ ನಮ್ಮ ಮನೆಗೆ ಬಂದು ಕೂರಬೇಕು" ಎಂದಳು. ಕಡೆಗೆ 70ರಿಂದ 300 ಮಿಲಿಮೀಟರಿನವರೆಗೆ ಸರಿಯುವ ಸಾಧಾರಣ ಜೂಮ್ ಮಸೂರವನ್ನು, ಅದನ್ನೂ ಇನ್ನೊಬ್ಬರು ಬಳಸಿ ಬಿಟ್ಟದ್ದನ್ನು, ಕೊಂಡುದಾಯಿತು. ತೂಕ ಅರ್ಧ ಕಿಲೋಗ್ರಾಮಿಗಿಂತ ಕಡಮೆ.

ಮಾರ್ಚ್ ತಿಂಗಳ ಒಂದು ಮುಂಜಾನೆ ಮೈಸೂರಿನಿಂದ ಹೊರಟೆವು. ಶ್ರೀರಂಗಪಟ್ಟಣದ ಬಳಿ ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಅಣೆಯಿಂದ ಇಲ್ಲಿನ ನಡುಗಡ್ಡೆಗಳಾದುವು. ಅರಸರು ನೀರಿಗಾಗಿ ಕಟ್ಟಿಸಿದರು, ಹಕ್ಕಿಗಳು ತಮಗಾಗಿಯೇ ಎಂದುಕೊಂಡುವು! ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್‌ಸಾರ್ ಪಟ್ಟಿಗೂ ಸೇರಿತು.

ದೋಣಿ ದಡ ಬಿಟ್ಟಿತು. ಬಂಡೆಯ ಮೇಲೆ ಬಾಯ್ತೆರೆದು ಮಲಗಿದ್ದ ಮೊಸಳೆಯನ್ನು ಕಂಡು ಮಕ್ಕಳು ಉಸಿರು ಬಿಗಿಹಿಡಿದರು. ನಾನು ಬಣ್ಣದ ಕೊಕ್ಕರೆಗಳ ಕಡೆಗೆ ತಿರುಗಿ, ಮಸೂರವನ್ನು 300ರ ತುದಿಗೆ ನೂಕಿ, ಒಂದೇ ಸಮನೆ ಗುಂಡಿಯೊತ್ತಿದೆ. ನೋಡಿದರೆ ಎಲ್ಲವೂ ಮಸುಕು.

ತಪ್ಪು ಮಸೂರದ್ದಲ್ಲ, ನನ್ನದು. ನಾಭಿದೂರ 300 ಆದರೆ ಷಟರ್ ಸೆಕೆಂಡಿನ 1/300 ಭಾಗಕ್ಕಿಂತ ಹೆಚ್ಚು ಕಾಲ ತೆರೆದಿರಬಾರದೆಂಬುದು ಛಾಯಾಚಿತ್ರಗಾರರ ಹಳೆಯ ಲೆಕ್ಕ. ನನ್ನಂತಹವರ ಡಿಜಿಟಲ್ ಕ್ಯಾಮೆರಾದ ಸಂವೇದಕ ಚಿಕ್ಕದಾದುದರಿಂದ ಅದನ್ನು ಒಂದೂವರೆ ಪಟ್ಟು ಮಾಡಿ 450 ಎಂದೆಣಿಸಬೇಕು. ಅದೂ ಗಟ್ಟಿನೆಲದ ಮಾತು. ತೂಗಾಡುವ ದೋಣಿಯಲ್ಲಿ 1/1000 ಆದರೂ ಬೇಕು. ಕೈನಡುಕವನ್ನು ಹಿಡಿದು ನಿಲ್ಲಿಸುವ ಏರ್ಪಾಡು ಕೆಲವು ಮಸೂರಗಳಲ್ಲುಂಟು. ನನ್ನದರಲ್ಲಿಲ್ಲ. ಇದ್ದರೂ ಅದು ನನ್ನ ಕೈಯನ್ನು ತಡೆದೀತೇ ಹೊರತು ಕೊಕ್ಕರೆಯ ರೆಕ್ಕೆಯನ್ನಲ್ಲ.

ಅಗ್ಗದ ಮಸೂರದ ನಿಜವಾದ ಬಡತನವಿರುವುದು ಬೆಳಕಿನಲ್ಲಿ. 300ರ ತುದಿಯಲ್ಲಿ ಅದರ ಕಂಡಿ ಎಫ್/5.6ಕ್ಕಿಂತ ಹಿಗ್ಗದು, ಎಫ್/2.8ರ ದುಬಾರಿ ಮಸೂರ ಅದರ ನಾಲ್ಕರಷ್ಟು ಬೆಳಕನ್ನು ಒಳಬಿಡುತ್ತದೆ. ಸಾಲದುದಕ್ಕೆ, ಚಿತ್ರ ಚುರುಕಾಗಬೇಕಾದರೆ ಕಂಡಿಯನ್ನು ಇನ್ನೂ ಕಿರಿದುಗೊಳಿಸಿ ಎಫ್/8ಕ್ಕೆ ತರುವುದು ಮೇಲು. ಆದ್ದರಿಂದ ಬೆಳಗಿನ ಬಿಸಿಲನ್ನು ಬೆನ್ನಿಗಿಟ್ಟುಕೊಂಡು, ಐ.ಎಸ್.ಓ. ಸಂಖ್ಯೆಯನ್ನು ಏರಿಸಿ, ಮೊಳಕೈಗಳನ್ನು ಪಕ್ಕೆಗೊತ್ತಿ, ಉಸಿರು ಬಿಟ್ಟ ಮೇಲೆ ಮೆಲ್ಲನೆ ಗುಂಡಿಯೊತ್ತಬೇಕು. ಬಿಳಿಯ ಗರಿಗಳು ಸುಟ್ಟು ಹೋಗದಂತೆ ಬೆಳಕಿನ ಅಳತೆಯನ್ನು ಕೊಂಚ ಇಳಿಸಿಕೊಳ್ಳಬೇಕು. ಇಷ್ಟು ಮಾಡಿದ ಮೇಲೆ ಬಣ್ಣದ ಕೊಕ್ಕರೆಯ ಬಾಲದ ಬಳಿಯ ಗುಲಾಬಿ ಗರಿಗಳು ಒಂದೊಂದಾಗಿ ಬಿಡಿಸಿಕೊಂಡುವು. ಬಾಯ್ಕಳಕದ ಕೊಕ್ಕುಗಳ ನಡುವಣ ಸಂದು ಕೂಡ ಕಂಡಿತು. ಮಗಳು, "ಅಪ್ಪಾ, ಇದರ ಬಾಯಿ ಮುಚ್ಚುವುದೇ ಇಲ್ಲವೇ?" ಎಂದು ಕೇಳಿದಳು.

ಆಸೆಗೆ ಮಿತಿಯೆಲ್ಲಿ! ನೀರಿನ ನಡುವಣ ಚಪ್ಪಟೆ ಬಂಡೆಯ ಮೇಲೆ ಒಂದು ರೀವ ಹಕ್ಕಿ ಕುಳಿತಿತ್ತು: ಕರಿಯ ಟೊಪ್ಪಿಗೆ, ಹಳದಿ ಕೊಕ್ಕು, ಬೂದು ರೆಕ್ಕೆ. ಕೊಕ್ಕರೆಗಿಂತ ಬಹಳ ಚಿಕ್ಕದಾದ ಈ ಹಕ್ಕಿ 300ರಲ್ಲಿಯೂ ಚೌಕಟ್ಟಿನ ಹತ್ತರಲ್ಲೊಂದು ಭಾಗವನ್ನು ತುಂಬಲಿಲ್ಲ. ಇನ್ನು ನಾಲ್ಕು ಮಾರು ಮುಂದಕ್ಕೆ ಹೋದರೆ ಸಾಕು.

"ಸ್ವಲ್ಪ ಹತ್ತಿರಕ್ಕೆ ಬಿಡಪ್ಪ, ಮೇಲೆ ಏನಾದರೂ ಕೊಡುತ್ತೇನೆ" ಎಂದೆ.

ದೋಣಿಯವನು ಹುಟ್ಟನ್ನು ನೀರಿನಿಂದ ಮೇಲೆತ್ತಿದ. "ಬ್ಯಾಡಿ ಸ್ವಾಮಿ, ಮೊಟ್ಟೆ ಮೇಲೆ ಕುಂತದೆ. ನಾವ್ ಹೋದ್ರೆ ಎದ್ದೋಯ್ತದೆ. ಈ ಬಂಡೆ ಬಿಸ್ಲಿಗೆ ಮೊಟ್ಟೆ ಬೆಂದೋಯ್ತವೆ. ಅಗೋ, ಕಾಗೆ ಬೇರೆ ಕಾಯ್ತಾ ಕುಂತದೆ."

ಕಾಗೆ ನಿಜವಾಗಿಯೂ ಕಾಯುತ್ತಿತ್ತು. ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಗೂಡೆಂದರೆ ಅಲ್ಲಿ ಏನೂ ಇಲ್ಲ. ಬರಿಯ ಬಂಡೆ, ಅದರ ಮೇಲೆ ತಾಯಿಯ ಮೈಯ ನೆರಳು. ನಾನು ಹಣದ ಆಸೆ ತೋರಿಸಿದುದು ನನ್ನ ಮಕ್ಕಳ ಎದುರಿನಲ್ಲಿಯೇ. ಮಗಳು ನನ್ನ ಮುಖವನ್ನು ನೋಡಿದಳು. ನಾನು ವ್ಯೂಫೈಂಡರಿನಲ್ಲಿ ಮುಖ ಮರೆಸಿಕೊಂಡೆ.

ದೂರದಿಂದಲೇ ಆರು ಚಿತ್ರಗಳನ್ನು ತೆಗೆದೆ. ಬಿಸಿಲೇರಿ ಬಂಡೆಯ ಮೇಲಿನ ಗಾಳಿ ನಡುಗತೊಡಗಿದ್ದುದರಿಂದ ಅವುಗಳಲ್ಲಿ ಐದು ಕೆಟ್ಟುವು. ಎಷ್ಟು ದುಬಾರಿಯ ಮಸೂರವಾದರೂ ಈ ಬಿಸಿಗಾಳಿಯ ನಡುಕವನ್ನು ನೀಗಲಾರದು. ಉಳಿದ ಒಂದನ್ನು ಮನೆಗೆ ಬಂದು ನಾಲ್ಕು ಕಡೆಯೂ ಕತ್ತರಿಸಿ ಅಚ್ಚು ಹಾಕಿಸಿದೆ. ಹಕ್ಕಿ ಹೆಬ್ಬೆರಳ ಗಾತ್ರಕ್ಕಿಂತ ದೊಡ್ಡದಿಲ್ಲ. ಆದರೂ ಅದರ ಎದೆಯ ಕೆಳಗಿನಿಂದ ಇಣುಕುವ, ಕಂದು ಮಚ್ಚೆಗಳ ಒಂದು ಮೊಟ್ಟೆಯ ಅಂಚನ್ನು ಮಗಳು ಬೆರಳಿಟ್ಟು ತೋರಿಸುತ್ತಾಳೆ. ಆಲ್ಬಮ್ಮಿನ ಮೊದಲ ಪುಟದಲ್ಲಿದ್ದ ನನ್ನ ಕೊಕ್ಕರೆಯನ್ನು ತೆಗೆದು, ಅಲ್ಲಿ ಇದನ್ನು ಅಂಟಿಸಿದವಳೂ ಅವಳೇ.