ಗಾಡಿ ತಗೋಬೋದಾ ಅಣ್ಣಾ?



ಮೊನ್ನೆ ಪಕ್ಕದ ತಾಲೂಕಿನ ಹುಡುಗನೊಬ್ಬ ಫೋನ್ ಮಾಡಿದ್ದ. ನಮ್ಮವನೇ. ಸಣ್ಣ ಸರ್ಕಾರಿ ಕಾಮಗಾರಿಗಳಲ್ಲಿ ಪರಿಶಿಷ್ಟರಿಗೆ ಮೀಸಲಾತಿ ಬಂದ ಮೇಲೆ ಚರಂಡಿ, ಸಿಸಿ ರಸ್ತೆ ಅಂತ ಗುತ್ತಿಗೆ ಹಿಡಿದು ನಾಲ್ಕು ಕಾಸು ಮಾಡಿಕೊಂಡಿದ್ದಾನೆ. "ಅಣ್ಣಾ, ನಿಮ್ಮ ಹತ್ರ ಇರೋ ಥರದ್ದೇ ದೊಡ್ಡ ಗಾಡಿ ತಗೋಬೇಕು ಅಂತಿದೀನಿ. ತಗೋಬೋದಾ? ನಂಬಬೋದಾ?" ಅಂತ ಕೇಳಿದ. ಫೋನಲ್ಲಿ ಹೇಳಿ ಮುಗಿಯೋ ಮಾತಲ್ಲಪ್ಪ, ಬರೀತೀನಿ ಇರು ಅಂದೆ. ಹಾಗಾಗಿ ಇದು ಅವನಿಗೆ. ನಿಮಗೆ ಬೇಕಾದರೆ ನೀವೂ ಓದಿ. ಸ್ವಲ್ಪ ಉದ್ದ ಇದೆ.

ನನ್ನ ಗಾಡಿಯ ಕಂಪನಿ ಹೆಸರು ಹೇಳಲ್ಲ. ಪುಕ್ಕಟೆ ಜಾಹೀರಾತೂ ಬೇಡ, ಪುಕ್ಕಟೆ ಬೈಗುಳವೂ ಬೇಡ. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ, ಗಾಳಿ ತುಂಬಿದ ಸಸ್ಪೆನ್ಷನ್ ಇರುವ, ಕಪ್ಪು ಬಣ್ಣದ ದೊಡ್ಡ ಗಾಡಿ. ಹೊಸದಾಗಿ ಕೊಳ್ಳೋ ಯೋಗ್ಯತೆ ನನಗಿಲ್ಲ. ಎಂಟು ವರ್ಷ ಹಳೇದು, ಸಾಲ ಮಾಡಿ ತಗೊಂಡೆ. ಇಂಥ ಗಾಡಿಗಳ ಬೆಲೆ ಹೊಸದರಲ್ಲಿ ಆಕಾಶದಲ್ಲಿರುತ್ತೆ, ಎಂಟು ವರ್ಷಕ್ಕೆ ನೆಲಕ್ಕೆ ಬಂದಿರುತ್ತೆ. ರಿಪೇರಿ ಖರ್ಚು ಮಾತ್ರ ಆಕಾಶದಲ್ಲೇ ಉಳಿದಿರುತ್ತೆ. ಮೊದಲು ಅದನ್ನ ತಿಳ್ಕೋ.

ಯಾಕೆ ತಗೊಂಡೆ ಅಂತ ನಮ್ಮ ಸಂಘಟನೆಯವರೇ ಕೇಳಿದ್ರು. "ಹೋರಾಟಗಾರನಿಗೆ ಇದೆಲ್ಲ ಯಾಕೆ ಸಾರ್?" ಅಂತ. ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿ ಅಂದೆ. 1901ರಲ್ಲಿ ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಮಕ್ಕಳನ್ನ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ. ಷರತ್ತು ಏನಂದ್ರೆ ಮಕ್ಕಳೇ ಗಾಡಿ ಹೊಡೀಬೇಕು, ಅವನು ಪಕ್ಕದಲ್ಲಿ ನಡ್ಕೊಂಡು ಬರ್ತಾನೆ. 1929ರಲ್ಲಿ, ಅಷ್ಟು ಹೊತ್ತಿಗೆ ಅವರು ಬ್ಯಾರಿಸ್ಟರ್, ಸರ್ಕಾರದ ಸಮಿತಿಯ ಸದಸ್ಯರು, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಓಡಿಸಲ್ಲ ಅಂದ್ರು. ನಮ್ಮ ಜನ ಟಾಂಗಾ ಮಾತ್ರ ಬಾಡಿಗೆಗೆ ತಂದು, ಓಡಿಸಿ ಅಭ್ಯಾಸ ಇಲ್ಲದ ತಮ್ಮವನನ್ನೇ ಕೂರಿಸಿದ್ರು. ಮೋರಿ ಹತ್ತಿರ ಚಕ್ರ ಸಿಕ್ಕಿಕೊಂಡು ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ರು, ಕಾಲು ಮುರೀತು. ಗಾಡಿ ಅಂದ್ರೆ ನಮಗೆ ಶೋಕಿಗಿಂತ ಮೊದಲು ಇದು ನೆನಪಾಗ್ಬೇಕು. ರಾತ್ರಿ ಎಂಟರ ಮೇಲೆ ಬಸ್ಸಿಲ್ಲದ ಊರುಗಳಿಂದ ನಮಗೆ ಫೋನ್ ಬರುತ್ತೆ. ಆರೇಳು ಜನ ಹೋಗ್ಬೇಕು. ಹಳ್ಳ ದಾಟಬೇಕು.

ಸರಿ, ಶೋಕಿನೂ ಇದೆ. ಸುಳ್ಳು ಯಾಕೆ ಹೇಳ್ಲಿ. ತಾಲೂಕು ಕೋರ್ಟಿನ ಮುಂದೆ ಆ ಗಾಡಿಯಿಂದ ಇಳಿಯೋವಾಗ ಚೆನ್ನಾಗಿರುತ್ತೆ.

ಈಗ ನಂಬಿಕೆ ವಿಷಯ. ಎಂಜಿನ್ನು, ಗೇರ್‌ಬಾಕ್ಸು ನನಗೆ ಇವತ್ತಿನವರೆಗೂ ಕೈಕೊಟ್ಟಿಲ್ಲ. ಕೈಕೊಟ್ಟಿದ್ದು ಗಾಳಿ. ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ ಇಲ್ಲಿ ರಬ್ಬರಿನ ಗಾಳಿಚೀಲ ಇರುತ್ತೆ. ಕಂಪ್ರೆಸರ್ ಅದಕ್ಕೆ ಗಾಳಿ ತುಂಬುತ್ತೆ. ಹಳ್ಳ ಬಂದಾಗ ಗಾಡಿ ಎತ್ತರ ಆಗೋದು, ಹತ್ತೋವಾಗ ಇಳಿಯೋದು ಎಲ್ಲ ಇದರಿಂದಲೇ. ವರ್ಷಗಳಾದ ಮೇಲೆ ರಬ್ಬರು ಮಡಿಕೆಯಲ್ಲಿ ಸೀಳುತ್ತೆ. ಸಣ್ಣಗೆ ಸೋರೋಕೆ ಶುರು. ಸೋರಿದ್ದನ್ನ ತುಂಬೋಕೆ ಕಂಪ್ರೆಸರ್ ಹಗಲೂ ರಾತ್ರಿ ದುಡಿದು ದುಡಿದು ಸುಟ್ಟುಹೋಗುತ್ತೆ. ಚೀಲ ಸೋರೋಕೆ ಶುರುವಾದಾಗಲೇ ಬದಲಾಯಿಸಿದ್ರೆ ಚೀಲದ ದುಡ್ಡಷ್ಟೆ. ತಡ ಮಾಡಿದ್ರೆ ಕಂಪ್ರೆಸರಿನ ದುಡ್ಡೂ ಸೇರುತ್ತೆ. ನಾನು ತಡ ಮಾಡಿದೆ.

ಹಳೇ ಗಾಡಿ ನೋಡೋಕೆ ಹೋದ್ರೆ ಒಂದು ಟೇಪು ತಗೊಂಡು ಹೋಗು. ಸಮ ನೆಲದಲ್ಲಿ ಸಂಜೆ ನಿಲ್ಲಿಸಿ, ನಾಲ್ಕೂ ಚಕ್ರದ ಮೇಲಿನ ಅಂಚು ನೆಲದಿಂದ ಎಷ್ಟು ಎತ್ತರ ಇದೆ ಬರ್ಕೋ. ಬೆಳಿಗ್ಗೆ ಸ್ಟಾರ್ಟ್ ಮಾಡೋಕೆ ಮುಂಚೆ ಮತ್ತೆ ಅಳಿ. ಒಂದು ಮೂಲೆ ಮಾತ್ರ ಕುಸಿದಿದ್ರೆ ಅಲ್ಲಿ ಸೋರಿಕೆ ಇದೆ. ಮಾರೋನು ಒಂದು ರಾತ್ರಿ ಬಿಡಲ್ಲ ಅಂದ್ರೆ ಆ ಗಾಡಿನೇ ಬೇಡ.

ಭದ್ರತೆ ಬಗ್ಗೆ ಹುಡುಗ ಕೇಳಿದ್ದು ಕಳ್ಳತನ. ಅದಕ್ಕೂ ಹೇಳ್ತೀನಿ. ಈ ಗಾಡಿಗಳ ಕೀ ಜೇಬಲ್ಲಿದ್ರೆ ಸಾಕು, ಬಾಗಿಲು ತೆರೆಯುತ್ತೆ. ಗಾಡಿ ಸಣ್ಣ ಸಂಕೇತ ಕಳಿಸುತ್ತೆ, ಕೀ ಉತ್ತರ ಕೊಡುತ್ತೆ. ಕಳ್ಳರಿಬ್ಬರು ಬರ್ತಾರೆ, ಒಬ್ಬ ಗಾಡಿ ಹತ್ರ, ಇನ್ನೊಬ್ಬ ನಿಮ್ಮ ಮನೆ ಬಾಗಿಲ ಹತ್ರ, ಇಬ್ಬರ ಕೈಲೂ ಒಂದೊಂದು ಪೆಟ್ಟಿಗೆ. ಗಾಡಿಯ ಮಾತನ್ನ ಕೀಗೆ ದಾಟಿಸ್ತಾರೆ. ಒಳಗೆ ಗೋಡೆ ಮೊಳೆಯಲ್ಲಿ ನೇತಾಡ್ತಿರೋ ಕೀ, ಗಾಡಿ ಪಕ್ಕದಲ್ಲೇ ಇದ್ದೀನಿ ಅಂತ ತಿಳ್ಕೊಂಡು ಉತ್ತರ ಕೊಡುತ್ತೆ. ಬ್ರಿಟನ್ನಿನಲ್ಲಿ ರೇಂಜ್ ರೋವರ್‌ಗಳ ಕಳ್ಳತನ ಹೆಚ್ಚಾಗಿ ವಿಮೆ ಸಿಗೋದೇ ಕಷ್ಟ ಆಗಿತ್ತು. 2023ರಲ್ಲಿ ಕಂಪನಿಯೇ ಹಳೇ ಗಾಡಿಗಳ ಭದ್ರತೆ ಸರಿಪಡಿಸೋಕೆ 1 ಕೋಟಿ ಪೌಂಡ್ ತೆಗೆದಿಟ್ಟಿತು. ಆ ಕಂಪನಿ 2008ರಿಂದ ನಮ್ಮ ಟಾಟಾದವರದ್ದೇ. ಹೊಸ ಕೀಗಳಲ್ಲಿ ಸಂಕೇತ ಹೋಗಿಬರೋಕೆ ಎಷ್ಟು ಹೊತ್ತು ಹಿಡೀತು ಅಂತ ಗಾಡಿ ಅಳೆಯುತ್ತೆ, ಹಾಗಾಗಿ ದೂರದ ಕೀಯನ್ನ ಹತ್ತಿರದ್ದು ಅಂತ ನಂಬಿಸೋದು ಕಷ್ಟ. ಹಳೇದರಲ್ಲಿ ಆ ಏರ್ಪಾಡಿಲ್ಲ.

ನಮ್ಮ ಮನೇಲಿ ಕೀ ಇರೋದು ರಾಗಿಹಿಟ್ಟಿನ ಹಳೇ ಸ್ಟೀಲ್ ಡಬ್ಬಿಯಲ್ಲಿ. ಅವ್ವನಿಗೆ ಇದು ದೊಡ್ಡ ತಮಾಷೆ. ಲೋಹದ ಡಬ್ಬಿ, ಮುಚ್ಚಳ ಬಿಗಿ ಇದ್ರೆ ಸಂಕೇತ ಹೊರಗೆ ಬರಲ್ಲ. ಎಲ್ಲ ಡಬ್ಬಿಯೂ ಆಗಲ್ಲ, ಪರೀಕ್ಷೆ ಮಾಡ್ಬೇಕು: ಕೀ ಒಳಗಿಟ್ಟು ಮುಚ್ಚಿ, ಡಬ್ಬಿ ಹಿಡ್ಕೊಂಡು ಗಾಡಿ ಪಕ್ಕ ನಿಂತು ಹಿಡಿಕೆ ಎಳಿ. ತೆರೆದ್ರೆ ಡಬ್ಬಿ ಬದಲಾಯಿಸು. ಕೀಯೇ ಇಲ್ಲದೆ, ಹೆಡ್‌ಲೈಟ್ ಹಿಂದಿನ ವೈರಿಗೆ ಕೈ ಹಾಕಿ ಗಾಡಿಯ ಕಂಪ್ಯೂಟರಿಗೆ ಸುಳ್ಳು ಹೇಳುವ ಕಳ್ಳರೂ ಇದಾರೆ. 2022ರಲ್ಲಿ ಲಂಡನ್ನಿನಲ್ಲಿ ಇಯಾನ್ ಟ್ಯಾಬರ್ ಅನ್ನೋ ಸೈಬರ್ ಭದ್ರತಾ ತಜ್ಞನ ಟೊಯೋಟಾ ಗಾಡಿಯನ್ನೇ ಹೀಗೆ ಹೊತ್ತೊಯ್ದಿದ್ರು. ಅದಕ್ಕೆ ಸ್ಟೀರಿಂಗಿಗೆ ಹಾಕೋ ಕಬ್ಬಿಣದ ಲಾಕು ತಗೋ. ನಾಚ್ಕೋಬೇಡ.

ಆದ್ರೆ ತಮ್ಮಾ, ನನ್ನ ಗಾಡಿಗೆ ಇಷ್ಟು ದಿನದಲ್ಲಿ ಕಳ್ಳರು ಬಂದಿಲ್ಲ. ಬಂದೋರು ಬೇರೆ.

ಹೋದ ವರ್ಷ ಒಂದು ಊರಿನ ಕೇಸು. ಕಟಿಂಗ್ ಶಾಪಿನಲ್ಲಿ ನಮ್ಮ ಹುಡುಗನಿಗೆ ಕೂದಲು ಕತ್ತರಿಸಲ್ಲ ಅಂದಿದ್ರು. ತಾಯಿ ದೂರು ಕೊಟ್ಟಿದ್ದಳು. ಸ್ಟೇಷನ್ನಿನಲ್ಲಿ ಹೇಳಿಕೆ ಮುಗಿಸಿ ಆಕೆ, ಆಕೆಯ ನಾದಿನಿ, ಮಗು ಮೂವರನ್ನೂ ಊರಿಗೆ ಬಿಡೋಕೆ ಹೊರಟೆ. ರಾತ್ರಿ ಹತ್ತು ದಾಟಿತ್ತು. ಕಾಲೋನಿ ಇರೋದು ಊರಾಚೆ, ಊರು ಹಾದೇ ಹೋಗ್ಬೇಕು. ಅರಳಿಕಟ್ಟೆ ಮುಂದೆ ಗಾಡಿಯ ಹಿಂದಿನ ಎಡಮೂಲೆ ಕುಸೀತು. ಟೈರು ಒಳಗೆ ಉಜ್ಜೋ ಸದ್ದು. ಪರದೆ ಮೇಲೆ ಕೆಂಪಕ್ಷರದಲ್ಲಿ ನಿಲ್ಲಿಸು ಅಂತ ಬಂತು. ನಿಲ್ಲಿಸಿದೆ, ಇನ್ನೇನು ಮಾಡ್ಲಿ.

ಸಹಾಯವಾಣಿಗೆ ಫೋನ್ ಮಾಡಿದೆ. ಆ ಹೆಣ್ಣುಮಗಳು ಬಹಳ ವಿನಯದಿಂದ "ಸರ್, ತಾವು ಸುರಕ್ಷಿತ ಸ್ಥಳದಲ್ಲಿದ್ದೀರಾ?" ಅಂತ ಕೇಳಿದಳು. ಏನಂತ ಹೇಳೋದು? ಈ ಗಾಡಿಯನ್ನ ಹಗ್ಗ ಕಟ್ಟಿ ಎಳೆಯೋ ಹಾಗಿಲ್ಲ, ಮೇಲೆ ಹೊತ್ತು ಸಾಗಿಸೋ ಲಾರಿನೇ ಬರಬೇಕು, ನಾಲ್ಕು ಗಂಟೆ ಆಗುತ್ತೆ ಅಂದಳು. ಅಷ್ಟರಲ್ಲಿ ಮೂರು ಮೊಬೈಲ್ ಟಾರ್ಚು ನಮ್ಮ ಕಡೆ ತಿರುಗಿದ್ವು. ಯಾರೂ ಮಾತಾಡಲಿಲ್ಲ. ಗಾಜಿನ ಹತ್ತಿರ ಬಂದು ಒಳಗೆ ಯಾರಿದ್ದಾರೆ ಅಂತ ನೋಡಿ ಹೋದ್ರು. ಹಿಂದಿನ ಸೀಟಿನಲ್ಲಿ ಆ ತಾಯಿ ಮಗುವಿನ ಮುಖದ ಮೇಲೆ ಸೆರಗು ಹಾಕಿದಳು.

ನಮ್ಮನ್ನ ಅಲ್ಲಿಂದ ಕರ್ಕೊಂಡು ಹೋಗಿದ್ದು ಕಾಲೋನಿಯಿಂದ ಬಂದ ಟೊಮ್ಯಾಟೊ ಸಾಗಿಸೋ ಟಾಟಾ ಏಸು. ಒಂದೇ ಹೆಡ್‌ಲೈಟು, ಬಾಗಿಲಿಗೆ ಹಗ್ಗ. ಫೋನ್ ಮಾಡಿ ಹತ್ತು ನಿಮಿಷಕ್ಕೆ ಬಂತು. ನಂಬಬೋದಾ ಅಂತ ಕೇಳಿದೆಯಲ್ಲ, ಅದನ್ನ ನಂಬಬೋದು.

ಗಾಡಿ ಲಾಕ್ ಮಾಡಿ ಅಲ್ಲೇ ಬಿಟ್ಟೆ. ರಾತ್ರಿಯೆಲ್ಲ ಮೊಬೈಲಿನ ಆ್ಯಪ್ ತೆಗೆದು ತೆಗೆದು ನೋಡ್ತಿದ್ದೆ. ಬಾಗಿಲುಗಳು ಭದ್ರ, ಕಿಟಕಿಗಳು ಭದ್ರ, ಅಲಾರಂ ಚಾಲೂ. ಬೆಳಿಗ್ಗೆ ಹೋಗಿ ನೋಡಿದ್ರೆ ಎಡಗಡೆ ಎರಡೂ ಬಾಗಿಲ ಮೇಲೆ ಮೊಳೆಯಲ್ಲಿ ಕೆರೆದು ಬರೆದಿದ್ರು. ನಮ್ಮ ಜಾತಿಯ ಹೆಸರು, ಅದರ ಮುಂದೆ ಇನ್ನೊಂದು ಪದ. ಇಲ್ಲಿ ಬರೆಯಲ್ಲ. ಬಾಗಿಲು ತೆಗೆದ್ರೆ, ಗಾಡಿ ಎತ್ತಿ ವಾಲಿಸಿದ್ರೆ ಕೂಗೋ ಅಲಾರಂ ಅದು. ಬಣ್ಣದ ಮೇಲೆ ಮೊಳೆ ಎಳೆದ್ರೆ ಅದಕ್ಕೆ ಗೊತ್ತಾಗಲ್ಲ. ಆ್ಯಪು ಸುಳ್ಳು ಹೇಳಿರಲಿಲ್ಲ.

ವಿಮೆಯ ಸರ್ವೇಯರು ಒಳ್ಳೆಯ ಮನುಷ್ಯ. "ಸಾರ್, ನಿಲ್ಲಿಸಿದ್ದಾಗ ಯಾರೋ ಗೀರಿದ್ದಾರೆ ಅಂತ ಬರೀರಿ, ವಾರದಲ್ಲಿ ಆಗೋಗುತ್ತೆ. ಜಾತಿ ಗೀತಿ ಅಂದ್ರೆ ಎಫ್ಐಆರು, ಮಹಜರು, ವರ್ಷ ಹಿಡಿಯುತ್ತೆ" ಅಂದ. ಅವನು ಹೇಳಿದ್ದು ನಿಜಾನೇ. ದೌರ್ಜನ್ಯ ತಡೆ ಕಾಯ್ದೆಯ ತನಿಖೆಗೆ ಡಿವೈಎಸ್ಪಿ ದರ್ಜೆಯವರೇ ಬರಬೇಕು. ಅಲ್ಲೀತನಕ ಬಾಗಿಲು ಸಾಕ್ಷಿ, ಬಣ್ಣ ಹೊಡೆಸೋ ಹಾಗಿಲ್ಲ. ಸ್ಟೇಷನ್ನಿನಲ್ಲಿ ಮೊದಲ ಪ್ರಶ್ನೆ, "ಯಾರು ಬರೆದದ್ದು ನೋಡಿದ್ರಾ?" ನೋಡಿಲ್ಲ. ಗಾಡಿಯಲ್ಲಿ ಡ್ಯಾಶ್ ಕ್ಯಾಮೆರಾ ಇತ್ತು, ಗಾಡಿ ನಿಂತಾಗಲೂ ಓಡೋ ಹಾಗೆ ವೈರಿಂಗ್ ಮಾಡಿಸಿರಲಿಲ್ಲ. ಕೆಲವೇ ಸಾವಿರದ ಕೆಲಸ. ಲಕ್ಷಗಟ್ಟಲೆ ಗಾಡಿ ತಗೊಂಡು ಅದನ್ನ ಉಳಿಸಿದ್ದೆ. ನೀನು ತಗೊಂಡ ದಿನವೇ ಮುಂದೆ, ಹಿಂದೆ, ಎರಡೂ ಬದಿಗೆ ಹಾಕಿಸು. ಕಳ್ಳರಿಗೆ ಅಂತ ಮಾಡಿದ ಭದ್ರತೆ ಕಂಪನಿಯವರು ಕೊಡ್ತಾರೆ. ಇದನ್ನ ನಾವೇ ಮಾಡ್ಕೋಬೇಕು.

ದೂರು ಹಾಗೇ ಕೊಟ್ಟೆ, ಆ ಪದ ಸಮೇತ. ನಾಲ್ಕು ತಿಂಗಳು ಆ ಬಾಗಿಲುಗಳ ಜೊತೆಗೇ ಓಡಾಡಿದೆ, ಕೋರ್ಟಿಗೆ, ಮದುವೆಗೆ, ಏಪ್ರಿಲ್ 14ರ ಮೆರವಣಿಗೆಗೆ. ಮನೆಗೆ ತಂದ ದಿನ ಅವ್ವ ಬಾಗಿಲ ಮೇಲೆ ಕೈ ಆಡಿಸಿ "ಏನ್ ಬರ್ದವ್ರೆ ಮಗಾ?" ಅಂದಳು. ಅವ್ವನಿಗೆ ಓದು ಬರಲ್ಲ. ಮುಳ್ಳುಬೇಲಿ ತಾಗಿ ಗೀರು ಬಿದ್ದಿದೆ ಅಂದೆ. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಕೊಂಡಿದ್ದು, "ಮುಳ್ಳು ಇಷ್ಟು ಸೊಟ್ಟಗೆ ಗೀರ್ತದಾ" ಅಂತ ಒಳಗೆ ಹೋದಳು.

ತಗೋ ತಮ್ಮಾ. ಗಾಡಿ ಬೆಲೆಯ ಹೊರತಾಗಿ ರಿಪೇರಿಗೆ ಅಂತ ದುಡ್ಡು ಬೇರೆ ಎತ್ತಿಡು, ಟೇಪು ಮರೀಬೇಡ, ಆ ಏಸು ಹುಡುಗನ ಥರದವರ ನಂಬರು ಹೋಬಳಿಗೆ ಒಂದರಂತೆ ಇಟ್ಕೋ.

ಇಷ್ಟನ್ನೂ ಬರೆಯೋಕೆ ಮುಂಚೆ ಒಂದು ಸಾಲು ಅವನಿಗೆ ಫೋನಲ್ಲೇ ಹೇಳಿದ್ದೆ, ಬಿಳಿ ಗಾಡಿ ತಗೋ, ಬಿಳಿ ಮೇಲೆ ಗೀರು ಅಷ್ಟಾಗಿ ಕಾಣಲ್ಲ ಅಂತ. "ಇಲ್ಲ ಅಣ್ಣಾ, ನೀಲಿ ಹೇಳಿದೀನಿ. ಸಿಗೋಕೆ ಮೂರು ತಿಂಗಳಾಗುತ್ತಂತೆ, ಕಾಯ್ತೀನಿ" ಅಂದ.